ಹಚ್ಚೊಳ್ಳಿಯ ಹಾದಿಯಲ್ಲಿ

ಬಳ್ಳಾರಿಯಿಂದ ಸಿರುಗುಪ್ಪದ ಕಡೆಗೆ ಹೊರಡುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ದೊರೆತರೆ ಪ್ರಯಾಣಿಕನಿಗೆ ಎರಡು ಬಳ್ಳಾರಿಗಳ ದರ್ಶನವಾಗುತ್ತದೆ. ಮೊದಲನೆಯದು ಬಂಡೆಗಳ ಬಳ್ಳಾರಿ. ಬಿಸಿಲನ್ನುಂಡು ಬೆಳೆದ ಬೋಳುಗುಡ್ಡಗಳ ಸೀಮೆ. ಎರಡನೆಯದು ನೀರಿನ ಬಳ್ಳಾರಿ. ಸಿಂಧಿಗೇರಿ, ತೆಕ್ಕಲಕೋಟೆಗಳನ್ನು ದಾಟುವ ಹೊತ್ತಿಗೆ ಕಾಲುವೆ, ತೂಬು, ನೆಲ್ಲಿನ ಗದ್ದೆಗಳೇ ಕಣ್ಣಿಗೆ ತುಂಬುತ್ತವೆ. ಮೊದಲ ಬಳ್ಳಾರಿಯನ್ನು ದೈವ ಸೃಷ್ಟಿಸಿತು. ಎರಡನೆಯದನ್ನು ತುಂಗಭದ್ರೆಯ ಅಣೆಕಟ್ಟು ಸೃಷ್ಟಿಸಿತು.

2025ರ ಡಿಸೆಂಬರ್ ಕೊನೆಯಲ್ಲಿ ನಾನು ಹಚ್ಚೊಳ್ಳಿಗೆ ಹೊರಟದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕರೆಯ ಮೇರೆಗೆ. ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ, ರಾರಾವಿಯ ಬಳಿ ವೇದಾವತಿಯನ್ನು ದಾಟಿದೆ. ಇಲ್ಲಿಯವರಿಗೆ ಆಕೆ ಹಗರಿ. ಮುಂದೆ ಎರೆಭೂಮಿ. ಕೊಯ್ಲು ಮುಗಿದ ಗದ್ದೆಗಳಲ್ಲಿ ಹುಲ್ಲಿನ ಕೂಳೆಯಷ್ಟೇ ಉಳಿದಿತ್ತು. ಎಂದಿನ ವರ್ಷವಾಗಿದ್ದರೆ ಇಷ್ಟು ಹೊತ್ತಿಗೆ ಎರಡನೆಯ ಬೆಳೆಯ ಸಸಿಮಡಿಗಳು ಹಸಿರಾಗಿರುತ್ತಿದ್ದವಂತೆ. ಈ ಸಲ ಹಸಿರಿಲ್ಲ.

ಜಗಲಿಯ ಮೇಲೆ ನನ್ನ ಶಿಷ್ಯನ ಅಜ್ಜ ಕುಳಿತಿದ್ದರು. ಎಂಬತ್ತು ದಾಟಿದ ಜೀವ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೂ, ಸಿರುಗುಪ್ಪವೂ ಸೇರಿದಂತೆ ಹಳೆಯ ಜಿಲ್ಲೆಯ ಉಳಿದ ಭಾಗ ಮೈಸೂರಿಗೂ ಹೋದಾಗ ಅವರಿನ್ನೂ ಬಾಲಕ.

“ಆದವಾನಿ ಸಂತಿಗೆ ಹೋಗೂವಾಗ ಒಂದೇ ರಾಜ್ಯ, ಬರೂವಾಗ ಎರಡು ಅಂತ ನಮ್ಮಪ್ಪ ನಗ್ತಿದ್ದ ಸಾರ್” ಎಂದರು. “ನಮ್ಮಕ್ಕನ್ನ ಆಕಡೀ ಊರಿಗೆ ಕೊಟ್ಟೀವಿ. ಈ ನೀರು ನಮ್ಮ ಹೊಲ ದಾಟಿ ಅಕಿ ಊರಿಗೇ ಹೋಗ್ತದ. ನಾವು ಜಾಸ್ತಿ ಕುಡುದ್ರ ಅಕಿಗೆ ಕಡಿಮಿ.”

ಜಲವಿವಾದದ ಸಂಪುಟಗಳನ್ನು ಓದಿದವರೂ ಇಷ್ಟು ಸ್ಪಷ್ಟವಾಗಿ ಹೇಳಲಾರರೆಂದು ನನಗೆನಿಸಿತು. ಬಲದಂಡೆಯ ಕೆಳಮಟ್ಟದ ಕಾಲುವೆ ಅಣೆಕಟ್ಟಿನಿಂದ ಹೊರಟು ಸುಮಾರು 250 ಕಿಲೋಮೀಟರು ಹರಿದು ಆಂಧ್ರದ ಗಡಿಯನ್ನು ಮುಟ್ಟುತ್ತದೆ. ಅದರಲ್ಲಿ ಕರ್ನಾಟಕದ ಪಾಲು 19 ಟಿಎಂಸಿ, ಆಂಧ್ರದ ಪಾಲು 24. ಅಂಕಿಗಳ ಲೆಕ್ಕವಿದು, ಅಜ್ಜನದು ಅಕ್ಕತಮ್ಮಂದಿರ ಲೆಕ್ಕ.

“ಈ ವರ್ಷ ಬೇಸಿಗೆ ಬೆಳೆಯಿಲ್ಲವೇ, ಅಜ್ಜಾರೇ?” ಎಂದೆ.

“ನೀರು ಬಿಡಂಗಿಲ್ಲಂತ ಹೇಳ್ಯಾರ. ಗೇಟು ಹಾಕೋದು ಖರೇ ಬೇಕು, ಬ್ಯಾಡ ಅನ್ನಂಗಿಲ್ಲ. ಆದ್ರ ಗುತ್ತಿಗಿ ರೊಕ್ಕ ಕೊಟ್ಟ ಮ್ಯಾಲೆ ಹೇಳಿದ್ರ ಹ್ಯಾಂಗ ಸಾರ್?”

ಓದುಗರಿಗೆ ನೆನಪಿರಬಹುದು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ಸುಮಾರು ಒಂದು ವಾರ ನೀರು ನದಿಗೆ ನುಗ್ಗಿತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ತಡೆಹಲಗೆಗಳನ್ನಿಳಿಸಿ ಅದನ್ನು ನಿಲ್ಲಿಸಿದವರ ಸಾಹಸಕ್ಕೆ ನಾಡು ಋಣಿ. ಎಪ್ಪತ್ತು ವರ್ಷಗಳ 33 ಗೇಟುಗಳನ್ನೂ ಬದಲಿಸುವುದು ಅನಿವಾರ್ಯವೆಂಬುದು ಆಗಲೇ ತಿಳಿಯಿತು. ಆದರೆ ಎರಡನೆಯ ಬೆಳೆಗೆ ನೀರಿಲ್ಲವೆಂಬ ತೀರ್ಮಾನ ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ನಡುವೆ ಹದಿನೈದು ತಿಂಗಳುಗಳು ಕಳೆದಿದ್ದವು. ನನ್ನ ಶಿಷ್ಯನ ತಂದೆ ಎರಡು ಬೆಳೆಯ ಭರವಸೆಯ ಮೇಲೆ ಪಕ್ಕದ ಹೊಲವನ್ನು ಗುತ್ತಿಗೆ ಹಿಡಿದಿದ್ದರು. ಈಗ ಬೆಳೆ ಒಂದು, ಗುತ್ತಿಗೆ ಎರಡರದು.

ನಾನು ತೀರ್ಮಾನವನ್ನು ತಪ್ಪೆನ್ನಲಾರೆ. ಅಣೆಕಟ್ಟೇ ಉಳಿಯದಿದ್ದರೆ ಬೆಳೆಯೆಲ್ಲಿ? ನನ್ನ ಆಕ್ಷೇಪಣೆ ತೀರ್ಮಾನದ ಹೊತ್ತಿನ ಬಗೆಗೆ. ಮುನಿರಾಬಾದಿನಲ್ಲಿಯೋ ಬೆಂಗಳೂರಿನಲ್ಲಿಯೋ ಸೇರುವ ಸಲಹಾ ಸಮಿತಿಗೆ ನವೆಂಬರ್ ಎಂದರೆ ಒಂದು ಸಭೆಯ ದಿನಾಂಕ. ಹಚ್ಚೊಳ್ಳಿಯ ರೈತನಿಗೆ ಅದು ಹಣ ಕೈಬಿಟ್ಟುಹೋದ ಮೇಲಿನ ತಿಂಗಳು. ಮುಂಗಾರಿಗೆ ಮುನ್ನವೇ ‘ಈ ವರ್ಷ ಒಂದೇ ಬೆಳೆ’ ಎಂದು ಡಂಗುರ ಸಾರಿಸಿದ್ದರೆ ಆತ ಗುತ್ತಿಗೆಯ ಮಾತನ್ನೇ ಬೇರೆ ಆಡುತ್ತಿದ್ದ. ಹೊತ್ತಿಗೆ ಮುಂಚೆ ಹೇಳಿದ ಕಹಿಮಾತು ಹಿತವಚನ. ಹೊತ್ತು ಮೀರಿ ಹೇಳಿದ ಹಿತವಚನವೂ ದಂಡವೇ.

ಈ ಸೀಮೆ 1953ರಲ್ಲಿ ರಾಜ್ಯ ಒಡೆದದ್ದನ್ನು ಕಂಡಿತು. 2021ರಲ್ಲಿ ಜಿಲ್ಲೆ ಒಡೆದು, ಅಣೆಕಟ್ಟಿರುವ ಹೊಸಪೇಟೆ ವಿಜಯನಗರ ಜಿಲ್ಲೆಗೆ ಸೇರಿತು. ಗದ್ದೆಗಳು ಬಳ್ಳಾರಿಯಲ್ಲಿ ಉಳಿದವು. ಗೆರೆಗಳನ್ನು ಎಳೆಯುವವರು ದೂರದಲ್ಲಿರುವುದು ಅನಿವಾರ್ಯವಿರಬಹುದು. ಸುದ್ದಿಯೂ ಅಷ್ಟೇ ದೂರದಲ್ಲಿ ಉಳಿಯಬೇಕೇ?

ಸಂಜೆ ಹೊರಡುವಾಗ ಅಜ್ಜ ಒಂದು ಸಣ್ಣ ಚೀಲ ಹೊಸ ಅಕ್ಕಿಯನ್ನು ಕೈಗಿತ್ತರು. ಬೇಡವೆಂದೆ. “ಮೊದಲ್ನೇ ಬೆಳೀದು ಸಾರ್, ಒಯ್ರಿ. ಎರಡನೇದಕ್ಕ ಮುಂದಿನ ವರ್ಷ ಬರ್ರಿ” ಎಂದರು. ಆ ಮಾತಿನಲ್ಲಿ ದೂರಿಗಿಂತ ನಂಬಿಕೆಯೇ ಹೆಚ್ಚಾಗಿತ್ತು. ಆ ನಂಬಿಕೆಯ ಭಾರವನ್ನು ಹೊರಬೇಕಾದವರು ಮಾತ್ರ ಆ ಜಗಲಿಯಲ್ಲಿರಲಿಲ್ಲ.