ಕಡತವನ್ನು ಒರಸುವ ಬಗೆ

ಕಡತವೆಂಬ ಮಾತನ್ನು ಈಗ ಕಚೇರಿಯ ಕಾಗದದ ಕಟ್ಟಿಗೂ ಕಂಪ್ಯೂಟರಿನೊಳಗಿನ ಫೈಲಿಗೂ ಸಮನಾಗಿ ಬಳಸುವುದು ವಾಡಿಕೆ. ಹಿಂದೆ ಅದು ಬಟ್ಟೆಯಾಗಿತ್ತು. ಅರಿವೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು, ಒಣಗಿಸಿ, ಪುಸ್ತಕದಂತೆ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ತೀರಿದ ಲೆಕ್ಕವನ್ನು ಒರಸಿ ಅದೇ ಮಡಿಕೆಯ ಮೇಲೆ ಹೊಸದನ್ನು ಬರೆಯಬಹುದಾಗಿದ್ದುದೇ ಅದರ ದೊಡ್ಡ ಗುಣ.

ಇಂಥ ಕಡತವೊಂದು ಅಟ್ಟದ ಮೇಲಿದ್ದ ಶಾನುಭೋಗರ ಮನೆಯಲ್ಲಿ ಹುಟ್ಟಿದವರೊಬ್ಬರು, ಕಾಲೇಜೊಂದರ ಗ್ರಂಥಭಂಡಾರದ ಸರ್ವರನ್ನು ನೋಡಿಕೊಳ್ಳುವ ಕೆಲಸಕ್ಕೆ ನಿಂತರು. ಸರ್ವರೆಂದರೆ ಹಗಲಿರುಳೂ ಎಚ್ಚರವಿದ್ದು, ಕೇಳಿದವರಿಗೆ ಕೇಳಿದುದನ್ನು ಒದಗಿಸುವ ಯಂತ್ರ. ಯಾರು ಬಂದರು, ಏನು ಕೇಳಿದರು, ಕೊಟ್ಟದ್ದುಂಟೆ ಇಲ್ಲವೆ ಎಂಬುದನ್ನೆಲ್ಲ ಅದು ಸಾಲುಸಾಲಾಗಿ ಬರೆದಿಡುತ್ತದೆ. ಈ ದಿನಚರಿಗೆ ಲಾಗ್ ಎಂದು ಹೆಸರು. ಹಡಗಿನ ವೇಗವನ್ನು ಅಳೆಯಲು ನಾವಿಕರು ಹಗ್ಗ ಕಟ್ಟಿ ನೀರಿಗೆಸೆಯುತ್ತಿದ್ದ ಮರದ ತುಂಡಿನಿಂದ ಬಂದ ಮಾತು ಅದು. ಒಂದೊಂದು ಸಾಲೂ ಸಣ್ಣದೇ. ಆದರೆ ಬರೆಯುವ ಯಂತ್ರಕ್ಕೆ ಬೇಸರವೆಂಬುದಿಲ್ಲ.

ಪರೀಕ್ಷೆಯ ಹಿಂದಿನ ವಾರ ಒಂದು ರಾತ್ರಿ ಸರ್ವರು ನಿಂತುಹೋಯಿತು. ಡಿಸ್ಕು ತುಂಬಿ, ಇನ್ನೊಂದು ಅಕ್ಷರಕ್ಕೂ ಎಡೆಯಿರಲಿಲ್ಲ. ಹುಡುಕಿ ನೋಡಲು, ಜಾಗವನ್ನೆಲ್ಲ ನುಂಗಿದ್ದುದು ಒಂದೇ ಲಾಗ್. ಅವರು ಹಿಂದುಮುಂದು ನೋಡದೆ ಅದನ್ನು ಅಳಿಸಿದರು. ಹೆಸರೇನೋ ಮಾಯವಾಯಿತು, ಡಿಸ್ಕು ಮಾತ್ರ ತುಂಬಿಯೇ ಇತ್ತು. ಯೂನಿಕ್ಸ್, ಲಿನಕ್ಸ್ ಯಂತ್ರಗಳಲ್ಲಿ ಅಳಿಸುವುದೆಂದರೆ ಪಟ್ಟಿಯಿಂದ ಹೆಸರನ್ನು ತೆಗೆಯುವುದಷ್ಟೆ. ಅದನ್ನು ತೆರೆದುಕೊಂಡು ಬರೆಯುತ್ತಿರುವ ಪ್ರೋಗ್ರಾಮು ಕೈಬಿಡುವವರೆಗೆ ಜಾಗವು ಬಿಡುಗಡೆಯಾಗದು. ಡಿಸ್ಕನ್ನು ಅಳೆಯುವ ‘ಡಿಎಫ್’ ಎಂಬ ಆಜ್ಞೆ ತುಂಬಿದೆಯೆನ್ನುತ್ತದೆ; ಕಡತಗಳನ್ನು ಕೂಡಿಸಿ ಹೇಳುವ ‘ಡಿಯು’ ಬೇಕಾದಷ್ಟು ಜಾಗವಿರುವಂತೆ ಲೆಕ್ಕ ಕೊಡುತ್ತದೆ. ಎರಡೂ ನಿಜವೇ. ಪ್ರೋಗ್ರಾಮನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದ ಮೇಲೆ ಜಾಗ ದೊರೆಯಿತು.

ಬೆಳಿಗ್ಗೆ ಪ್ರಾಂಶುಪಾಲರು, “ಹೀಗಾದುದಕ್ಕೆ ಕಾರಣವೇನು, ರಾಯರೆ?” ಎಂದು ಕೇಳಿದರು. ಉತ್ತರವಿರಲಿಲ್ಲ. ಲಾಗ್ ಅಷ್ಟು ಉಬ್ಬಿದುದೇ ಏನನ್ನೋ ಕೂಗಿ ಕೂಗಿ ಹೇಳುವುದಕ್ಕಾಗಿ. ಆ ಕೂಗನ್ನೇ ಅವರು ಒರಸಿಬಿಟ್ಟಿದ್ದರು.

ಇದಕ್ಕೆ ಲಾಗ್‌ರೊಟೇಟ್ ಎಂಬ ಸಾಧನವುಂಟು. ಅದು ತುಂಬಿದ ಕಡತದ ಹೆಸರನ್ನು ಬದಲಿಸಿ, ಹೊಸದೊಂದನ್ನು ಇಡುತ್ತದೆ. ಇನ್ನು ಇದರಲ್ಲಿ ಬರೆಯೆಂದು ಪ್ರೋಗ್ರಾಮಿಗೆ ಸನ್ನೆ ಕೊಡಿಸುತ್ತದೆ. ಹಳೆಯದನ್ನು ಅದುಮಿ ಕಿರಿದುಮಾಡಿ, ಅತಿ ಹಳೆಯದನ್ನು ಅಳಿಸುತ್ತದೆ. ಸನ್ನೆ ತಿಳಿಯದ ಪ್ರೋಗ್ರಾಮಾದರೆ ಬರೆದುದನ್ನು ನಕಲು ಮಾಡಿಕೊಂಡು ಮೂಲವನ್ನು ಬರಿದುಮಾಡಬೇಕು. ಆ ಸಂದಿನಲ್ಲಿ ಕೆಲವು ಸಾಲುಗಳು ಕಳೆದುಹೋಗುವುದೂ ಉಂಟು. ಈ ಸರ್ವರಿನ ಸ್ವಂತ ಲಾಗುಗಳಿಗೆ ಆ ಕಾವಲು ಮೊದಲೇ ಇತ್ತು. ಆಮೇಲೆ ತಂದು ಕೂಡಿಸಿದ ಗ್ರಂಥಸೂಚಿಯ ಪ್ರೋಗ್ರಾಮನ್ನು ಮಾತ್ರ ಯಾರೂ ಅದಕ್ಕೆ ಒಪ್ಪಿಸಿರಲಿಲ್ಲ.

ವಾರಕ್ಕೊಂದರಂತೆ ೪ ವಾರಗಳದನ್ನು ಇಡುವುದು ಎಷ್ಟೋ ಯಂತ್ರಗಳಲ್ಲಿ ಮೊದಲಿನ ಏರ್ಪಾಡು. ಆದರೆ ಭಾರತ ಸರ್ಕಾರದ ಸರ್ಟ್-ಇನ್ ೨೦೨೨ರ ಏಪ್ರಿಲ್ ೨೮ರಂದು ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ಲಾಗುಗಳನ್ನು ೧೮೦ ದಿನ ಇಟ್ಟಿರತಕ್ಕದ್ದು. ರಾಯರು ಅಷ್ಟು ದಿನಗಳನ್ನೇ ನಿಗದಿ ಮಾಡಿದರು. ವಾರ ಮುಗಿಯುವುದರೊಳಗೇ ಪ್ರವಾಹ ಬರಬಹುದಾದ್ದರಿಂದ ಗಾತ್ರಕ್ಕೂ ಮಿತಿಯಿಟ್ಟು, ಗಂಟೆಗೊಮ್ಮೆ ನೋಡುವಂತೆ ಮಾಡಿದರು. ಅದುಮಿದ ಮೇಲೆ ಅವು ಹಿಡಿದ ಜಾಗ ಬಹು ಸ್ವಲ್ಪ. ಹೇಳಿದುದನ್ನೇ ಹೇಳುವ ಬರಹ ಚೆನ್ನಾಗಿ ಕುಗ್ಗುತ್ತದೆ.

ಹತ್ತು ದಿನಗಳಲ್ಲಿ ಅದೇ ಕೂಗು ಮತ್ತೆ ಎದ್ದಿತು. ಡಿಸ್ಕು ತುಂಬಲಿಲ್ಲ. ಈ ಸಾರಿ ರಾಯರು ಕುಳಿತು ಓದಿದರು. ದತ್ತಾಂಶದ ಭಂಡಾರಕ್ಕೆ ಪಾಸ್‌ವರ್ಡು ಬದಲಾಗಿತ್ತು. ಅದನ್ನು ತಿಳಿಯದ ಪ್ರೋಗ್ರಾಮಿನ ಒಂದು ಭಾಗವು ಎಡೆಬಿಡದೆ ಬಾಗಿಲು ತಟ್ಟುತ್ತಿತ್ತು, ತಟ್ಟಿದಾಗಲೆಲ್ಲ ಒಂದು ಸಾಲು ಬರೆಯುತ್ತಿತ್ತು.

ಬೇಸಗೆಯ ರಜೆಯಲ್ಲಿ ಊರಿಗೆ ಹೋದವರು ಅಟ್ಟದ ಕಡತವನ್ನು ಇಳಿಸಿ, ಧೂಳು ಕೊಡವಿ, ಮಡಿಕೆ ಮಡಿಕೆಯಾಗಿ ಬಿಡಿಸಿದರು. ಎಲ್ಲವನ್ನೂ ಒರಸಲಾಗಿತ್ತು, ಒಂದರ ಹೊರತು. ಆ ಒಂದರಲ್ಲಿ ಯಾರದೋ ಬಾಕಿಯ ಲೆಕ್ಕ, ತೀರದೆ, ಹಾಗೆಯೇ ಇತ್ತು.