ಉಳಿಯ ಅಳತೆ ಮತ್ತು ಯಂತ್ರದ ಎಚ್ಚರಿಕೆ

ಮೈಸೂರಿನ ವಿಜಯನಗರ ಬಡಾವಣೆಗೆ ಸಮೀಪದಲ್ಲೇ ಹೆಬ್ಬಾಳದ ಕೈಗಾರಿಕಾ ಪ್ರದೇಶವಿದೆ. ಅಲ್ಲಿ ಲೋಹವನ್ನು ಕಡೆದು ರೂಪಿಸುವ ವೃತ್ತಿಯಲ್ಲಿ ಹಲವು ವರ್ಷ ದುಡಿದವನು ನಾನು. ಶ್ರೀಮಠದ ಶಾಲೆಯ ಈ ಸ್ಮರಣ ಸಂಚಿಕೆಗೆ ನನ್ನ ಕಾಯಕದ ಒಂದು ಸಂಗತಿಯನ್ನು ನಿವೇದಿಸುವುದು ಉಚಿತವೆಂದು ಭಾವಿಸಿದ್ದೇನೆ.

ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ.ಯ ಯಂತ್ರಗಳ ಮುಂದೆ ನಿಂತು ನಮ್ಮ ನಾಡಿನ ಅನೇಕರು ಈ ವಿದ್ಯೆಯನ್ನು ಕಲಿತರು. ಆಗ ಕೈ ಹಿಡಿಚಕ್ರದ ಮೇಲಿರುತ್ತಿತ್ತು. ಉಳಿಯು ತಾಗಬಾರದ ಕಡೆ ತಾಗುವಂತಿದ್ದರೆ ಕಣ್ಣು ಕಂಡೊಡನೆ ಕೈ ತಡೆಯುತ್ತಿತ್ತು. ಇಂದು ಉಳಿ ಸಾಗಬೇಕಾದ ದಾರಿಯನ್ನು ಗಣಕಯಂತ್ರದ ತಂತ್ರಾಂಶವು ಮೊದಲೇ ಲೆಕ್ಕಹಾಕುತ್ತದೆ. ಅದಕ್ಕಾಗಿ ಉಳಿಯ ವ್ಯಾಸ, ಮೂಲೆಯ ದುಂಡು, ಕತ್ತರಿಸುವ ಅಂಚಿನ ಉದ್ದ, ಹೋಲ್ಡರಿನ ಆಕಾರ, ಹೋಲ್ಡರಿನಿಂದ ಉಳಿ ಹೊರಚಾಚಿರುವ ಉದ್ದ ಇವೆಲ್ಲವನ್ನೂ ನಾವು ತುಂಬಬೇಕು. ಹೋಲ್ಡರು ಲೋಹಕ್ಕೆ ಬಡಿಯುವ ಸಂಭವವಿದ್ದರೆ ಪರದೆಯ ಮೇಲೆ ಎಚ್ಚರಿಕೆ ಮೂಡುತ್ತದೆ.

ಉದಾಹರಣೆಗೆ, 40 ಮಿ.ಮೀ. ಆಳದ ಗುಳಿಯನ್ನು ತೆಗೆಯಬೇಕಾಗಿದೆ ಎನ್ನೋಣ. 10 ಮಿ.ಮೀ. ವ್ಯಾಸದ ಉಳಿಯು ಹೋಲ್ಡರಿನಿಂದ 35 ಮಿ.ಮೀ. ಮಾತ್ರ ಹೊರಚಾಚಿದ್ದರೆ, ತಳ ತಲುಪುವ ಮುನ್ನವೇ ಹೋಲ್ಡರು ಗುಳಿಯ ಅಂಚಿಗೆ ಬಡಿಯುವುದು. ಪರದೆಯಲ್ಲಿ 35ರ ಬದಲು 45 ಎಂದು ತುಂಬಿದೊಡನೆ ಎಚ್ಚರಿಕೆ ಮಾಯವಾಗುತ್ತದೆ. ಆದರೆ ಹೋಲ್ಡರಿನಲ್ಲಿ ಬಿಗಿದಿರುವ ಉಕ್ಕಿನ ಉಳಿ ತಾನಾಗಿ ಒಂದು ಕೂದಲೆಳೆಯಷ್ಟೂ ಮುಂದೆ ಬರುವುದಿಲ್ಲ! ಅದನ್ನು ನಿಜವಾಗಿ ಹೊರಚಾಚಿ ಬಿಗಿದರೂ ಚಿಂತೆ ತೀರದು. ಉಳಿಯ ಬಾಗುವಿಕೆ ಉದ್ದದ ಘನಕ್ಕೆ ಅನುಗುಣವಾಗಿ ಏರುವುದರಿಂದ, 35ರ ಉಳಿ 45 ಆದಾಗ ಅದೇ ಒತ್ತಡಕ್ಕೆ ಎರಡು ಪಟ್ಟಿಗೂ ಮಿಗಿಲಾಗಿ ಬಾಗುತ್ತದೆ. ನಡುಗಿ ಕೆಲಸವನ್ನು ಕೆಡಿಸಲೂಬಹುದು. ಆಗ ಕಡಿತದ ಆಳವನ್ನು ತಗ್ಗಿಸಬೇಕೇ, ಬೇರೆ ಹೋಲ್ಡರನ್ನು ಬಳಸಬೇಕೇ ಎಂಬುದನ್ನು ಮನುಷ್ಯನೇ ವಿವೇಚಿಸಬೇಕು.

ನಾನಿದ್ದ ಒಂದು ಕಾರ್ಖಾನೆಯಲ್ಲಿ ತರುಣನೊಬ್ಬನು ಅಂಕಿಯನ್ನು ಮಾತ್ರ ಬದಲಿಸಿ ಯಂತ್ರವನ್ನು ನಡೆಸಿದನು. ಪರದೆ ಮೌನವಾಗಿತ್ತು, ಹೋಲ್ಡರು ಬಡಿಯಿತು, ಸ್ಪಿಂಡಲ್ ಕೆಟ್ಟು ಯಂತ್ರ ಹಲವು ದಿನ ನಿಂತಿತು. ದೈವವಶಾತ್ ಯಾರಿಗೂ ಅಪಾಯವಾಗಲಿಲ್ಲ. ಎಲ್ಲರೂ ಅವನನ್ನು ದೂರಿದರು. ಆದರೆ ಸಂಜೆಯೊಳಗೆ ಕೆಲಸ ಮುಗಿಯಲೇಬೇಕೆಂದು ಅವಸರಪಡಿಸಿದವರು ಹಿರಿಯರೇ. ಪರದೆಯ ಅಂಕಿಗೂ ಕೈಯಲ್ಲಿರುವ ಉಕ್ಕಿಗೂ ಇರುವ ಸಂಬಂಧವನ್ನು ಅವನಿಗೆ ಯಾರೂ ಮನಗಾಣಿಸಿರಲಿಲ್ಲ. ಎಚ್ಚರಿಕೆಯನ್ನು ಅಳಿಸುವುದು ಬೇರೆ, ಅದರ ಕಾರಣವನ್ನು ನಿವಾರಿಸುವುದು ಬೇರೆ. ಈ ಭೇದವನ್ನು ತಿಳಿಸಿಕೊಡುವುದೇ ಶಿಕ್ಷಣವಲ್ಲವೇ?

ಹನ್ನೆರಡನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯನವರೂ ಒಬ್ಬರು. ಮರಗೆಲಸದ ಬಾಚಿ ಅವರ ಹೆಸರಿನೊಡನೆಯೇ ಉಳಿದು ಬಂದಿದೆ. ಕೈಯ ಉಪಕರಣವನ್ನು ಇಷ್ಟು ಗೌರವದಿಂದ ಕಂಡ ಪರಂಪರೆಯ ನೆರಳಿನಲ್ಲಿ ಬೆಳೆದ ನಮಗೆ, ಉಪಕರಣದ ವಿಷಯದಲ್ಲಿ ಸುಳ್ಳು ಅಳತೆ ಬರೆಯುವುದು ಕಾಯಕಲೋಪವೆಂದೇ ತೋರಬೇಕು.

ನಮ್ಮ ಶಾಲೆಗಳಿಗೆ ಗಣಕಯಂತ್ರಗಳನ್ನು ದಾನವಾಗಿ ನೀಡುತ್ತಿರುವ ಮಹನೀಯರ ಔದಾರ್ಯ ದೊಡ್ಡದು. ಅವುಗಳ ಪಕ್ಕದಲ್ಲಿ ಕೆಲವು ವರ್ನಿಯರ್ ಕ್ಯಾಲಿಪರುಗಳನ್ನೂ ಮೈಕ್ರೋಮೀಟರುಗಳನ್ನೂ ಇರಿಸುವ ಕೃಪೆ ಮಾಡಬೇಕೆಂದು ಹಳೆಯ ವಿದ್ಯಾರ್ಥಿಯಾಗಿ ಬಿನ್ನವಿಸುತ್ತೇನೆ. ಮಕ್ಕಳು ಮೊದಲು ಒಂದು ಕಬ್ಬಿಣದ ತುಂಡನ್ನು ತಮ್ಮ ಕೈಯಿಂದ ಅಳೆಯಲಿ. ಪರದೆಯಲ್ಲಿ ತುಂಬುವ ಅಂಕಿ ಆ ಅಳತೆಯಿಂದಲೇ ಬರಲಿ.