ಮನೆ ತುಂಬಿದ ಮಗಳು

ನಮ್ಮ ಮಠಗಳ ಪರಂಪರೆಯಲ್ಲಿ ‘ಕರಕಮಲಸಂಜಾತ’ ಎಂಬ ಹಿರಿದಾದ ಮಾತೊಂದಿದೆ. ಗುರುವಿನ ಹಸ್ತದಿಂದ ದೀಕ್ಷೆ ಪಡೆದವನು ಆ ಕರಕಮಲದಿಂದಲೇ ಜನಿಸಿದವನೆಂಬುದು ಅದರ ಆಶಯ. ಹಡೆದ ಒಡಲಿನಂತೆ ಹರಸಿದ ಕೈಯೂ ಜನ್ಮ ನೀಡಬಲ್ಲದೆಂದು ಒಪ್ಪಿಕೊಂಡ ಸಮಾಜ ನಮ್ಮದು. ಆದರೂ ಗೃಹಸ್ಥರ ಮನೆಗೆ ಒಂಬತ್ತು ವರ್ಷದ, ಕಿವಿ ಕೇಳಿಸದ ಹೆಣ್ಣುಮಗುವೊಂದು ಮಗಳಾಗಿ ಬಂದಾಗ ನಮ್ಮವರೇ ತಬ್ಬಿಬ್ಬಾಗುತ್ತಾರೆ. ‘ಸಣ್ಣ ಕೂಸು ಸಿಗಲಿಲ್ಲವೇ?’ ಎಂಬುದು ಮೊದಲ ಪ್ರಶ್ನೆ. ‘ದೊಡ್ಡ ಪುಣ್ಯದ ಕೆಲಸ ಮಾಡಿದಿರಿ’ ಎಂಬುದು ಎರಡನೆಯ ಮಾತು. ಮೈಸೂರಿನ ನಮ್ಮ ಮನೆಗೆ ಮಗಳು ಬಂದು ಈಗ ಎರಡು ವರ್ಷ ತುಂಬಿದೆ. ಇಂಥದೇ ಯೋಚನೆಯುಳ್ಳ ಬಂಧುಗಳಿಗೆ ಉಪಯೋಗವಾದೀತೆಂದು ನಮ್ಮ ಅನುಭವವನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲು ಕಾನೂನಿನ ಮಾತು. 2015ರ ಬಾಲನ್ಯಾಯ ಕಾಯ್ದೆ ಹಾಗೂ 2022ರ ದತ್ತು ನಿಯಮಗಳಂತೆ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸಬೇಕು. ಮಗುವಿಗೆ ಎಂಟು ವರ್ಷ ದಾಟಿದ್ದರೆ ದಂಪತಿಗಳಿಬ್ಬರ ವಯಸ್ಸು ಕೂಡಿ 110 ಮೀರಬಾರದು. ಐದು ತುಂಬಿದ ಮಗುವಿನ ಒಪ್ಪಿಗೆಯೂ ಬೇಕು. 2022ರ ಸೆಪ್ಟೆಂಬರಿನಿಂದ ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಗಳೇ ದತ್ತು ಆದೇಶ ನೀಡುತ್ತಾರೆ. ಅನಂತರ ಎರಡು ವರ್ಷಗಳವರೆಗೆ ಆರು ತಿಂಗಳಿಗೊಮ್ಮೆ ಮಗುವಿನ ಸ್ಥಿತಿಗತಿ ವಿಚಾರಿಸುವ ವ್ಯವಸ್ಥೆಯಿದೆ. ಕಾಗದಪತ್ರಗಳ ಕೆಲಸ ತಾಳ್ಮೆಯಿಂದ ಮುಗಿಯುವಂಥದು. ಒಂದು ಮನೆ ಮಗುವಿಗೆ ತನ್ನ ಮನೆಯಾಗುವ ಕೆಲಸ ಮಾತ್ರ ಆದೇಶದಿಂದ ಆಗುವುದಿಲ್ಲ.

ಮಗಳು ಬಂದದ್ದು ಕಾರ್ತೀಕದಲ್ಲಿ. ಮೊದಲ ದಿನಗಳಲ್ಲಿ ಅವಳಷ್ಟು ವಿಧೇಯ ಮಗು ಬೇರೊಂದಿಲ್ಲವೆನ್ನುವಂತಿದ್ದಳು. ಊಟವಾದೊಡನೆ ಎಲ್ಲರ ತಟ್ಟೆ ಎತ್ತುವಳು, ಏನು ಕೊಟ್ಟರೂ ಬೇಡವೆನ್ನಳು. ಆದರೆ ದಿಂಬಿನ ಕೆಳಗೆ ಚಪಾತಿಯ ಚೂರುಗಳಿರುತ್ತಿದ್ದವು. ಜನವರಿಯಲ್ಲಿ ಸುತ್ತೂರು ಜಾತ್ರೆಗೆ ಹೊರಟೆವು. ನಾವು ಒಂದು ರಾತ್ರಿಗೆಂದು ಬಟ್ಟೆ ಜೋಡಿಸುತ್ತಿದ್ದುದನ್ನು ಕಂಡು, ಅವಳು ತಾನು ಬಂದಾಗ ತಂದಿದ್ದ ಚೀಲವನ್ನು ತೆಗೆದು ತನ್ನದೆನ್ನುವ ಸಮಸ್ತವನ್ನೂ ಅದರಲ್ಲಿ ತುಂಬಿದಳು. ಶಾಲೆಯ ಪುಸ್ತಕ, ಹಲ್ಲುಜ್ಜುವ ಬ್ರಷ್ಷು, ಹಳೆಯ ಚಪ್ಪಲಿ ಎಲ್ಲವನ್ನೂ. ಮರಳಿ ಕಳುಹಿಸುತ್ತಾರೆಂಬ ಭಯವನ್ನು ಆ ಚೀಲ ಹೇಳುತ್ತಿತ್ತು. ಅವಳ ವಿಧೇಯತೆಗೂ ಅದೇ ಭಯ ಕಾರಣವಾಗಿತ್ತು.

ನಾಲ್ಕನೆಯ ತಿಂಗಳಲ್ಲಿ ವಿಧೇಯತೆ ಮುಗಿದು ಸಿಟ್ಟು ತಲೆಯೆತ್ತಿತು. ಹನ್ನೆರಡು ವರ್ಷದ ನಮ್ಮ ಮಗನ ನೋಟುಪುಸ್ತಕ ಹರಿಯಿತು, ಪಾತ್ರೆಗಳು ಉರುಳಿದವು. ದೊಡ್ಡ ಮಕ್ಕಳು ಹೊಸ ಮನೆಗೆ ಬಂದಾಗ ಹೀಗಾಗುವುದು ಸಹಜ, ಹಿಡಿದವರು ಕೈಬಿಡುವುದಿಲ್ಲವೇ ಎಂದು ಮಗು ಪರೀಕ್ಷಿಸುತ್ತದೆ ಎಂದು ಆಪ್ತಸಮಾಲೋಚಕರು ತಿಳಿಸಿದರು. ‘ಅವಳಿಗೆ ಒಂದು ನ್ಯಾಯ, ನನಗೆ ಒಂದು ನ್ಯಾಯವೇ?’ ಎಂದು ಮಗನು ಕೇಳಿದ ಪ್ರಶ್ನೆಯೂ ನ್ಯಾಯವಾದದ್ದೇ. ಅಂದಿನಿಂದ ಇಬ್ಬರಿಗೂ ಒಂದೇ ನಿಯಮವಾಯಿತು. ಅಜ್ಜಿಯವರು ಅವಳನ್ನು ಮುಖ ನೋಡಿ ಗದರಿಸಿದ ದಿನ ಅವಳು ಬಹಳ ಹೊತ್ತು ಅತ್ತಳು. ರಾತ್ರಿ ಮಾತ್ರ ಅವರ ಪಕ್ಕದಲ್ಲೇ ಮಲಗಿದಳು. ದಿಂಬಿನ ಕೆಳಗಿನ ಚಪಾತಿ ಅದರ ನಂತರ ಕಾಣಲಿಲ್ಲ.

ಶ್ರವಣದೋಷವುಳ್ಳ ಮಗುವಿಗೆ ನಮ್ಮೂರಿನಲ್ಲಿ ದೊರೆಯುವ ನೆರವು ದೊಡ್ಡದು. 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿದೆ. ಆದರೆ ಕನ್ನಡಕ ಹಾಕಿದೊಡನೆ ಅಕ್ಷರ ಕಂಡಂತೆ ಶ್ರವಣಸಾಧನ ಹಾಕಿದೊಡನೆ ಮಾತು ಕೇಳಿಸದು. ಅದು ಮಾತಿನೊಡನೆ ಮಿಕ್ಸಿಯ ಸದ್ದನ್ನೂ ಹೆಚ್ಚಿಸುತ್ತದೆ. ಅವೆರಡನ್ನು ಬೇರ್ಪಡಿಸಲು ಮಿದುಳು ಕಲಿಯಬೇಕು. ಎಳವೆಯಲ್ಲಿ ಮಾತು ಕಿವಿಗೆ ಬೀಳದ ಮಗುವಿಗೆ ಆ ಕಲಿಕೆ ನಿಧಾನ. ಆದ್ದರಿಂದ ಮಾತಿನ ತರಬೇತಿಯೊಡನೆ ಸನ್ನೆಭಾಷೆಯನ್ನೂ ಇಟ್ಟುಕೊಂಡೆವು, ಅದನ್ನು ಮನೆಯವರೆಲ್ಲರೂ ಕಲಿಯತೊಡಗಿದೆವು. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಸುಮ್ಮನಿರುವುದು, ಅವಳ ಬೆನ್ನ ಹಿಂದಿನಿಂದ ಕೂಗದಿರುವುದು, ಊಟದ ಹೊತ್ತಿಗೆ ಟಿ.ವಿ. ಆರಿಸುವುದು ರೂಢಿಯಾಯಿತು. ಕರೆಂಟು ಹೋದರೆ ನಮಗೆ ಕತ್ತಲೆ ಮಾತ್ರ. ತುಟಿ ನೋಡಿ ಮಾತು ತಿಳಿಯುವ ಮಗುವಿಗೆ ಮನೆಯೇ ಮೌನವಾಗುತ್ತದೆ. ಹೀಗಾಗಿ ಊಟದ ಕೋಣೆಗೆ ಇನ್ವರ್ಟರಿನ ದೀಪ ಬಂದಿತು. ಮಗು ಮನೆಗೆ ಹೊಂದಿಕೊಳ್ಳಬೇಕೆಂದು ಹೇಳುವವರು ಬಹಳ. ಮನೆಯು ಮಗುವಿಗೆ ಹೊಂದಿಕೊಂಡರೆ ಆ ಕೆಲಸ ಅರ್ಧ ಮುಗಿದಂತೆಯೇ.

ಶಾಲೆಯ ವಿಷಯವನ್ನೂ ಹೇಳಬೇಕು. ನಾವು ವಿಚಾರಿಸಿದ ಒಂದು ಶಾಲೆಯವರು ‘ಬೇರೆ ಮಕ್ಕಳಿಗೆ ತೊಂದರೆಯಾದೀತು’ ಎಂದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ನೆರೆಹೊರೆಯ ಶಾಲೆಯಲ್ಲಾಗಲಿ, ತಾವು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಪಾಲಕರು ಇದನ್ನು ತಿಳಿದಿರುವುದು ಒಳ್ಳೆಯದು.

ಬಂಧುಗಳಲ್ಲಿ ಕೆಲವರು ಮಗುವಿನ ಕುಲ ಕೇಳಿದರು. ಬಸವಾದಿ ಶರಣರ ಹೆಸರು ಹೇಳುವ ನಾವು ಈ ಪ್ರಶ್ನೆಗೆ ಬೇರೆ ಉತ್ತರ ಹುಡುಕಬೇಕಾಗಿಲ್ಲ. ಅಜ್ಜಿಯವರ ಪೂಜೆಯನ್ನು ದಿನವೂ ನೋಡುತ್ತಿದ್ದ ಮಗಳು ಒಂದು ದಿನ ತಾನೇ ಎಡಗೈ ಚಾಚಿ, ತನಗೂ ಬೇಕೆಂದು ಸನ್ನೆ ಮಾಡಿದಳು. ಗುರುಗಳ ಹಸ್ತದಿಂದ ಲಿಂಗದೀಕ್ಷೆಯಾಯಿತು. ಅಂಗೈಯ ಇಷ್ಟಲಿಂಗವನ್ನು ಕಣ್ಣಿನಿಂದ ನಿರೀಕ್ಷಿಸುವುದೇ ನಮ್ಮ ಪೂಜೆ. ಅಲ್ಲಿ ಕಿವಿಯ ಕೊರತೆ ಕೊರತೆಯೇ ಅಲ್ಲ. ಆ ಅರ್ಧ ಗಂಟೆ ಅವಳು ಮನೆಯ ಯಾರಿಗೂ ಕಡಿಮೆಯಲ್ಲ.

ಈ ದಾರಿಯಲ್ಲಿ ನಮಗೆ ಧೈರ್ಯ ಕೊಟ್ಟವರು ಗದುಗಿನ ಗವಾಯಿಗಳು. ಹುಟ್ಟುಕುರುಡರಾದ ಪಂಚಾಕ್ಷರ ಗವಾಯಿಗಳನ್ನು ಹಾನಗಲ್ಲ ಕುಮಾರ ಶಿವಯೋಗಿಗಳು ಆದರಿಸಿ ಸಂಗೀತ ಶಿಕ್ಷಣ ಕೊಡಿಸಿದರು. ಶೈಶವದಲ್ಲೇ ದೃಷ್ಟಿ ಕಳೆದುಕೊಂಡ ಪುಟ್ಟರಾಜರನ್ನು ಪಂಚಾಕ್ಷರ ಗವಾಯಿಗಳು ಶಿಷ್ಯನನ್ನಾಗಿ ಸಾಕಿದರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾದ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳಿಗೆ ಆಶ್ರಯವಾದರು. ಅಲ್ಲಿ ಮಕ್ಕಳಿಗೆ ಅನ್ನದೊಡನೆ ಅಭ್ಯಾಸವೂ ದೊರೆಯಿತು, ಕರುಣೆಯೊಡನೆ ಕಾಯಕವೂ ದೊರೆಯಿತು. ನಮ್ಮ ಮನೆಯಲ್ಲೂ ಪೂಜೆಗೆ ಹೂವು, ಪತ್ರೆ ಅಣಿಮಾಡುವ ಕಾಯಕ ಈಗ ಮಗಳದು. ತಡವಾದರೆ ಅಜ್ಜಿಯವರು ಅವಳನ್ನೇ ಕೇಳುತ್ತಾರೆ.

‘ಪುಣ್ಯ ಕಟ್ಟಿಕೊಂಡಿರಿ’ ಎನ್ನುವ ಹಿತೈಷಿಗಳಲ್ಲಿ ನಮ್ಮದೊಂದು ಬಿನ್ನಹ. ಮಗುವಿನ ಎದುರಿನಲ್ಲಿ ಆ ಮಾತು ಬೇಡ. ಕಿವಿ ಕೇಳಿಸದಿದ್ದರೂ ತನ್ನತ್ತ ತಿರುಗಿದ ಮರುಕದ ಮುಖವನ್ನು ಅದು ಓದಬಲ್ಲದು. ಉಪಕಾರವಾಗಿ ಬಂದುದನ್ನು ಹಿಂದಕ್ಕೂ ಪಡೆಯಬಹುದೆಂಬ ಅಂಜಿಕೆ ಅಲ್ಲಿಂದಲೇ ಹುಟ್ಟುತ್ತದೆ. ಅದರ ಬದಲು ಮಗುವಿನ ಮುಂದೆ ಕುಳಿತು, ಬೆಳಕಿಗೆ ಮುಖಮಾಡಿ, ‘ಊಟವಾಯಿತೇ ಮಗಳೇ?’ ಎಂದು ನಿಧಾನವಾಗಿ ಕೇಳಿರಿ. ಉತ್ತರಕ್ಕೆ ತುಸು ಕಾಯಿರಿ.

ಕಳೆದ ಜನವರಿಯ ಜಾತ್ರೆಗೆ ಹೊರಟಾಗ ಮಗಳು ಎರಡು ಜೊತೆ ಬಟ್ಟೆಯನ್ನಷ್ಟೇ ನಮ್ಮ ಪೆಟ್ಟಿಗೆಯಲ್ಲಿಟ್ಟಳು. ಅವಳ ಚೀಲದಲ್ಲಿ ಅಜ್ಜಿಯವರು ಈಗ ಹಳೆಯ ಸ್ವೆಟರುಗಳನ್ನು ಇಟ್ಟಿದ್ದಾರೆ.